ಒಂದೇ ಮೈದಾನ, ಎರಡು ದಿನ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು ನಾನು. ಇಪ್ಪತ್ತೆರಡು ಮಷಿನ್ನುಗಳ ಸಣ್ಣ ಘಟಕ. ಗಾಲ್ಫ್ ಹತ್ತಿದ್ದು ನಲವತ್ನಾಲ್ಕನೆಯ ವಯಸ್ಸಿನಲ್ಲಿ. ಬಟ್ಟೆ ಖರೀದಿಗೆ ಬೆಂಗಳೂರಿಗೆ ಹೋದಾಗ ಅಲ್ಲಿನ ವ್ಯಾಪಾರಿಯೊಬ್ಬರು ಸಂಜೆ ಡ್ರೈವಿಂಗ್ ರೇಂಜಿಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೆ, ಕರೆದೊಯ್ದರು. ಒಂದು ಬುಟ್ಟಿ ಚೆಂಡಿನಲ್ಲಿ ಒಂದೇ ಒಂದು ನೆಟ್ಟಗೆ ಹಾರಿತು. ರಾತ್ರಿ ಬಸ್ಸಿನಲ್ಲಿ ಊರು ಸೇರುವವರೆಗೂ ಆ ಹೊಡೆತ ಅಂಗೈಯಲ್ಲೇ ಉಳಿದಿತ್ತು.

ಊರಿಗೆ ಬಂದು ಘಟಕದ ಮಾಳಿಗೆಯ ಮೇಲೆ ದಪ್ಪ ಡೆನಿಮ್ಮಿನ ಉಳಿಕೆ ತುಂಡುಗಳನ್ನು ಎರಡು ಪದರ ಕೂಡಿಸಿ ಹೊಲಿಸಿ ಪರದೆ ಕಟ್ಟಿದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಅದಕ್ಕೆ ಚೆಂಡು ಹೊಡೆಯುತ್ತೇನೆ. ಪಟ್ ಮಾಡುವ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ, ಅಭ್ಯಾಸ ಮನೆಯ ಹಾಲಿನಲ್ಲಿ, ಅಡ್ಡ ಮಲಗಿಸಿದ ಸ್ಟೀಲ್ ಲೋಟಕ್ಕೆ. ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಮೇಲಿನ ಕುಳಿ 108 ಮಿಲಿಮೀಟರ್ ಅಗಲ, ಲೋಟ ಅದಕ್ಕಿಂತ ಸಣ್ಣದು. ಲೋಟಕ್ಕೆ ಹಾಕಿ ರೂಢಿಯಾದವರಿಗೆ ಮೈದಾನದಲ್ಲಿ ಕುಳಿ ಬಾವಿಯಂತೆ ಕಾಣುತ್ತದೆ. ಹೊಸಬರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಆಡಲು ಮಾತ್ರ ಹೊರಗೇ ಹೋಗಬೇಕು. ವರ್ಷಕ್ಕೊಮ್ಮೆ ಐದಾರು ದಿನ ಎತ್ತಿಟ್ಟು ಹೋಗುತ್ತೇನೆ. ಮೊದಲ ಸಲ ಎರಡು ತಪ್ಪು ಮಾಡಿದೆ. ನಮ್ಮಲ್ಲೇ ಹೊಲಿದ ಹೊಸ ಜೀನ್ಸ್ ಹಾಕಿಕೊಂಡು ಹೋದೆ; ಬಾಗಿಲಲ್ಲೇ ತಡೆದರು. ಗಾಲ್ಫ್ ಕ್ಲಬ್ಬುಗಳಲ್ಲಿ ಕಾಲರ್ ಇರುವ ಟೀ ಶರ್ಟು, ಕಾಟನ್ ಪ್ಯಾಂಟು ಬೇಕು, ಜೀನ್ಸ್ ನಡೆಯುವುದಿಲ್ಲ. ಅಂದು ಮನಸ್ಸಿಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಪೇಟೆಗೆ ಹೋಗಿ ಪ್ಯಾಂಟು ಕೊಂಡು ಬರುವಷ್ಟರಲ್ಲಿ ನನ್ನ ಸರದಿ ದಾಟಿತ್ತು. ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು: ನಾಲ್ಕು ದಿನದಲ್ಲಿ ಮೂರು ಕೋರ್ಸು ಇಟ್ಟುಕೊಂಡಿದ್ದೆ. ಒಂದೊಂದು ಕುಳಿಗೆ ಚೆಂಡು ಮುಟ್ಟಿಸುವ ಹಾದಿಗೆ ಹೋಲ್ ಎನ್ನುತ್ತಾರೆ; ಹದಿನೆಂಟು ಹೋಲ್ ಅಂದರೆ ಎಂಟು ಹತ್ತು ಕಿಲೋಮೀಟರ್ ನಡಿಗೆ, ನಾಲ್ಕು ತಾಸಿನ ಮೇಲೆ. ಆಡಿ, ಗಂಟು ಕಟ್ಟಿ, ಕಾರು ಹತ್ತಿ, ಮತ್ತೆ ಹೊಸ ಊರು. ವಾಪಸ್ ಬಂದಾಗ ಯಾವ ಹೋಲ್ ಯಾವ ಊರಿನದೆಂದು ನೆನಪಿರಲಿಲ್ಲ. ಅಂದಿನಿಂದ ಒಂದು ಕಡೆ ಹೋದರೆ ಅಲ್ಲೇ ಎರಡು ದಿನ ಆಡುತ್ತೇನೆ. ಮೊದಲ ದಿನ ಮೈದಾನ ನೋಡುವುದಕ್ಕೆ, ಎರಡನೆಯ ದಿನ ಆಡುವುದಕ್ಕೆ.

ನಮ್ಮ ಕಡೆಯವರಿಗೆ ಮೊದಲು ಮೈಸೂರು ಹೇಳುತ್ತೇನೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಮೈಸೂರು. ಗುಂತಕಲ್ಲು, ಬೆಂಗಳೂರು ಎಲ್ಲ ನಿದ್ದೆಯಲ್ಲೇ ಕಳೆಯುತ್ತವೆ. ನನ್ನ ಷಡ್ಡಕರು ಕೊಪ್ಪಳದಲ್ಲೇ ಹತ್ತಿರುತ್ತಾರೆ. ಅವರು ಆಡುವುದಿಲ್ಲ. “ತಮ್ಮಾ, ನೀ ಚೆಂಡು ಹೊಡಿ, ನಾ ನಿನ್ನ ಕೂಡ ನಡೀತೀನಿ, ಡಾಕ್ಟ್ರು ನಡೀರಿ ಅಂದಾರ” ಅಂದವರು ಅಂದಿನಿಂದ ಒಂದು ಪ್ರವಾಸವನ್ನೂ ಬಿಟ್ಟಿಲ್ಲ. (ಆಡದವರು ಜೊತೆಗೆ ನಡೆಯಬಹುದೇ ಎಂದು ಕ್ಲಬ್ಬಿನಲ್ಲಿ ಮೊದಲೇ ಕೇಳಿಕೊಳ್ಳಿ.) ಗಾಲ್ಫ್ ಕೋಲುಗಳ ಚೀಲಕ್ಕೆ ನಮ್ಮ ಕಟಿಂಗ್ ಮಾಸ್ಟರ್ ಡೆನಿಮ್ಮಿನಲ್ಲೇ ಗವಸು ಹೊಲಿದುಕೊಟ್ಟಿದ್ದಾರೆ. ಉದ್ದಕ್ಕೆ ಮಲಗಿಸಿದರೆ ಕೆಳಗಿನ ಬರ್ತಿನಡಿ ಸರಿಯಾಗಿ ಕೂರುತ್ತದೆ. ಒಮ್ಮೆ ಎದುರು ಸೀಟಿನ ಅಜ್ಜಿ “ತಂಬೂರಿ ಏನಪಾ?” ಎಂದು ಕೇಳಿ, ಭಜನೆಗೆ ಹೊರಟವರೆಂದು ತಿಳಿದು ನಮಗೆ ಎರಡೆರಡು ಕರ್ಚಿಕಾಯಿ ಕೊಟ್ಟರು. ಆಡುವ ಕೋಲಿಗೂ ಕ್ಲಬ್ ಎಂದೇ ಹೆಸರು; ನಿಯಮದ ಪ್ರಕಾರ 14 ಕ್ಲಬ್ ಒಯ್ಯಬಹುದು. ರೈಲಿಗೆ ನಾನು ಎಂಟೇ ಒಯ್ಯುತ್ತೇನೆ, ಒಮ್ಮೆಯೂ ಕಡಿಮೆ ಬಿದ್ದಿಲ್ಲ.

ಮೈಸೂರಿನದು ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ರೇಸ್ ಕೋರ್ಸಿನ ಆವರಣದಲ್ಲೇ ಇದೆ, ಎದುರಿಗೇ ಚಾಮುಂಡಿ ಬೆಟ್ಟ. ಕುದುರೆ ಓಡುವ ದಿನಗಳನ್ನು ತಿಳಿದುಕೊಂಡೇ ದಿನ ಗೊತ್ತುಮಾಡಿ. ಮೊದಲ ದಿನ ನನ್ನ ಪಟ್‌ಗಳೆಲ್ಲ ಕುಳಿಯ ಪಕ್ಕದಲ್ಲಿ ಜಾರಿ ಹೋದವು. ಮಟ್ಟಸ ಎಂದು ಹೊಡೆದದ್ದು ಬಾಗುತ್ತಿತ್ತು. ಆರನೆಯ ಹೋಲಿನ ಹೊತ್ತಿಗೆ, ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿ ಮೆಲ್ಲಗೆ ಹೇಳಿದ: “ಬೆಟ್ಟ ಎಲ್ಲೈತೆ ಅಂತ ಮೊದ್ಲು ನೋಡ್ಕಳಿ ಸಾರ್, ಆಮೇಲೆ ಹೋಲ್ ನೋಡಿ.” ಬೆಟ್ಟದ ಬುಡದ ನೆಲ ಬೆಟ್ಟದಿಂದ ದೂರಕ್ಕೆ ಇಳಿಯುತ್ತದೆ. ಕಣ್ಣೆದುರು ದೊಡ್ಡ ಏರು ನಿಂತಾಗ ಕಾಲಡಿಯ ಸಣ್ಣ ಇಳಿಜಾರು ಕಣ್ಣಿಗೆ ಸಿಗುವುದಿಲ್ಲ. ಮಾರನೆಯ ದಿನ ಪ್ರತಿ ಗ್ರೀನಿನ ಮೇಲೂ ಮೊದಲು ತಲೆಯೆತ್ತಿ ತಾಯಿಯ ಬೆಟ್ಟ ನೋಡಿದೆ, ಹಿಂದಿನ ದಿನಕ್ಕಿಂತ ಒಂಬತ್ತು ಪಟ್ ಕಡಿಮೆಯಾದವು. ಒಂದೇ ದಿನ ಆಡಿ ಹೊರಟಿದ್ದರೆ ಆ ಮೈದಾನ ಸರಿಯಿಲ್ಲ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆನೇನೋ.

ಮೈಸೂರಿನಿಂದ ಊಟಿಗೆ ಟ್ಯಾಕ್ಸಿ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2024ರಿಂದ ನೀಲಗಿರಿಗೆ ಇ-ಪಾಸ್ ಕೂಡ ಬೇಕು. ಅಲ್ಲಿನ ಜಿಮ್ಖಾನಾ ಕ್ಲಬ್ಬಿನ ಹದಿನೆಂಟು ಹೋಲ್ ವೆನ್ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನ ಏರಿಳಿತದಲ್ಲಿವೆ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ಗಾಳಿ ತೆಳು, ಆದ್ದರಿಂದ ಚೆಂಡು ಹೆಚ್ಚು ದೂರ ಹೋಗುತ್ತದೆ. ಐರನ್ ಎಂಬ ಕೋಲಿನ ಸಂಖ್ಯೆ ಹೆಚ್ಚಿದಷ್ಟೂ ಹೊಡೆತ ಗಿಡ್ಡ; ಬಳ್ಳಾರಿಯ ಲೆಕ್ಕದಲ್ಲಿ ಏಳನೆಯ ಐರನ್ ಬೇಕಾದಲ್ಲಿ ಎಂಟನೆಯದು ಸಾಕು. ಅಷ್ಟೇ ತೆಳು ಗಾಳಿಯಲ್ಲಿ ಏರು ಹತ್ತುವಾಗ ಉಸಿರು ಹಿಡಿಯುತ್ತದೆ. ತಲುಪಿದ ದಿನವೇ ಆಡಬೇಡಿ.

ಊಟಿಯ ನಿಜವಾದ ಪರೀಕ್ಷೆ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಅಂಚಿನ ಗಾರ್ಸ್ ಪೊದೆ. ಹಳದಿ ಹೂವು, ನೋಡಲು ಚೆಂದ, ಒಳಗೆಲ್ಲ ಮುಳ್ಳು. ನಮ್ಮ ಬಳ್ಳಾರಿ ಜಾಲಿ ಕಂಡವನಿಗೆ ಏನು ಭಯ ಎಂದು ಕೈ ಹಾಕಿದೆ, ತೋಳೆಲ್ಲ ಗೀರಿತು. ಚೆಂಡು ಹುಡುಕಲು 2019ರ ನಿಯಮದಿಂದ 3 ನಿಮಿಷ ಮಾತ್ರ, ಅದಕ್ಕೂ ಮೊದಲು 5 ಇತ್ತು. ಸಿಕ್ಕರೂ ಪೊದೆಯೊಳಗಿಂದ ಹೊಡೆಯುವ ಹಟ ಬೇಡ. ಆಡಲಾಗದು ಎಂದು ಒಂದು ಹೊಡೆತದ ದಂಡ ತೆತ್ತು ಹೊರಗೆ ಇಟ್ಟುಕೊಳ್ಳಿ. ಎರಡನೆಯ ದಿನ ನಾನು ಉದ್ದ ಹೊಡೆಯುವ ಡ್ರೈವರನ್ನು ಗವಸಿನಿಂದ ತೆಗೆಯಲೇ ಇಲ್ಲ. ಪೊದೆಯ ಕಡೆ ಒಂದು ಚೆಂಡೂ ಹೋಗಲಿಲ್ಲ.

ಎರಡು ವರ್ಷದ ಹಿಂದೆ ಹೈದರಾಬಾದಿಗೆ ಹೋದೆವು. ಅಲ್ಲಿನ ಹೈದರಾಬಾದ್ ಗಾಲ್ಫ್ ಕ್ಲಬ್ಬಿನ ಮೈದಾನ ಗೋಲ್ಕೊಂಡ ಕೋಟೆಗೆ ಅಂಟಿದ ನಯಾ ಕಿಲಾದಲ್ಲಿದೆ. ಮೊಗಲರ ದಾಳಿಯ ಭಯದಲ್ಲಿ 17ನೆಯ ಶತಮಾನದಲ್ಲಿ ಕುತುಬ್‌ಶಾಹಿಗಳು ಸೇರಿಸಿದ ಭಾಗ ಅದು. ಚೆಂಡು ಕೋಟೆಗೋಡೆಯ ನೆರಳಿನಲ್ಲಿ ಹಾರುತ್ತದೆ. ನಯಾ ಕಿಲಾದಲ್ಲಿ ನೂರಾರು ವರ್ಷದ ದೊಡ್ಡ ಬವೋಬಾಬ್ ಮರವಿದೆ, ಆನೆಮರ ಎಂದೇ ಕರೆಯುತ್ತಾರೆ. ಷಡ್ಡಕರು ಅದನ್ನು ನೋಡಲೆಂದೇ ಅರ್ಧ ದಿನ ಕೊಟ್ಟರು. ಸುತ್ತಲಿನ ಬಂಡೆಗಳು ನಮ್ಮ ಆನೆಗುಂದಿಯ ಬಂಡೆಗಳ ಅಣ್ಣತಮ್ಮಂದಿರು. ಅಲ್ಲಿ ಆಡುವಾಗ ಸಂತೋಷದ ಜೊತೆಗೆ ಒಂದು ಅಳುಕೂ ಇತ್ತು. ಹಂಪಿಯ ಕೋಟೆಯೊಳಗೆ ಯಾರಾದರೂ ಹುಲ್ಲು ಹಾಸಿ ಧ್ವಜ ನೆಟ್ಟರೆ ನಾನು ಒಪ್ಪುತ್ತಿದ್ದೆನೇ? ಒಪ್ಪುತ್ತಿರಲಿಲ್ಲ. ಆದರೂ ಆಡಿದೆ. ಗೋಡೆಯ ಕಡೆ ಮಾತ್ರ ಒಮ್ಮೆಯೂ ಗುರಿಯಿಡಲಿಲ್ಲ.

ಬೆಂಗಳೂರಿನಲ್ಲಿ 1876ರ ಬೆಂಗಳೂರು ಗಾಲ್ಫ್ ಕ್ಲಬ್ ಇದೆ, ಊರ ನಡುವೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಅದಿತಿ ಅಶೋಕ್ ನಾಲ್ಕನೆಯವರಾದಾಗ ನಮ್ಮ ಹೊಲಿಗೆ ಹುಡುಗಿಯರಿಗೆಲ್ಲ ಮಷಿನ್ ನಿಲ್ಲಿಸಿ ಫೋನಿನಲ್ಲಿ ತೋರಿಸಿದ್ದೆ. ಆಕೆ ಆಟ ಕಲಿತ ಊರು ಅದು. ಮುಂದಿನ ಆಸೆ ಕೊಡೈಕೆನಾಲ್, ಮತ್ತೆ 1829ರ ರಾಯಲ್ ಕಲ್ಕತ್ತಾ. ಬ್ರಿಟನ್ ಬಿಟ್ಟರೆ ಹೊರಗಿನ ಅತಿ ಹಳೆಯ ಗಾಲ್ಫ್ ಕ್ಲಬ್ ಅದೇ.

ಹೊರಡುವವರಿಗೆ ಇಷ್ಟು: ಕ್ಲಬ್ಬಿಗೆ ಎರಡು ವಾರ ಮೊದಲೇ ಫೋನ್ ಮಾಡಿ, ಹೊರಗಿನವರಿಗೆ ಯಾವ ದಿನ ಅವಕಾಶ, ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪತ್ರ ಬೇಕೇ ಕೇಳಿ. ಬಹಳ ಕಡೆ ಸೋಮವಾರ ಹುಲ್ಲಿನ ಕೆಲಸಕ್ಕಾಗಿ ಆಟಕ್ಕೆ ರಜೆ. ಮಂಗಳವಾರ, ಬುಧವಾರ ಜನ ಕಡಿಮೆ, ಹಣವೂ ಕಡಿಮೆ. ಎರಡೂ ದಿನ ಅದೇ ಕ್ಯಾಡಿಯನ್ನು ಕೇಳಿ ಪಡೆಯಿರಿ. ಮೊದಲ ದಿನ ಅವನು ನಿಮ್ಮ ಹೊಡೆತ ಅಳೆಯುತ್ತಾನೆ, ಎರಡನೆಯ ದಿನ ನೀವು ಕೇಳುವ ಮುಂಚೆಯೇ ಸರಿಯಾದ ಕ್ಲಬ್ ಕೈಗಿಡುತ್ತಾನೆ. ಅವನ ಕೂಲಿಯನ್ನು ಅವನ ಕೈಗೇ ಕೊಡಿ, ನಡುವೆ ಚಹಾ ಕುಡಿಯುವಾಗ ಅವನಿಗೂ ಹೇಳಿ.

ಮೈಸೂರಿನ ಆ ಕ್ಯಾಡಿಗೆ ಈಗ ನನ್ನ ಫೋನ್ ಬಂದರೆ ಸಾಕು, ದಿನ ಖಾಲಿ ಇಟ್ಟುಕೊಳ್ಳುತ್ತಾನೆ. ಕಳೆದ ವರ್ಷದಿಂದ ನಮ್ಮ ಘಟಕದಲ್ಲಿ ಗಾಲ್ಫಿಗೆ ಹೊಂದುವ ಕಾಟನ್ ಪ್ಯಾಂಟನ್ನೂ ಹೊಲಿಸುತ್ತಿದ್ದೇನೆ. ಮೊದಲ ಪ್ಯಾಂಟು ಅವನಿಗೇ ಕಳಿಸಬೇಕೆಂದು ಅಳತೆ ಕೇಳಿದೆ. “ಅಯ್ಯೋ ಬ್ಯಾಡ ಸಾರ್, ಊರಲ್ಲಿ ಹಾಕ್ಕಳಕ್ಕೆ ನಿಮ್ಮ ಬಳ್ಳಾರಿ ಜೀನ್ಸೇ ಕಳ್ಸಿ,” ಎಂದ. “ಸೊಂಟ ಮೂವತ್ತೆರಡು.”