ಒಳಪದರಕ್ಕೆ ಹೋದ ಸೀರೆಗಳು

ಮದುವೆ ಮುರಿದು ಧಾರವಾಡದ ತವರುಮನೆಗೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕ್ ಸೀರೆ. ಉಡುವ ಮನಸ್ಸಿಲ್ಲ, ಯಾರಿಗಾದರೂ ಕೊಡುವುದಕ್ಕೂ ಮನಸ್ಸಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ದೊಡ್ಡವ್ವ ಟ್ರಂಕ್ ತೆರೆದು ನೋಡಿ, “ಕೌದಿ ಹೊಲಿಯೂಣು ಬಾ” ಅಂದಳು.

ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ಅದಕ್ಕೆ ಹತ್ತಿ ಬಟ್ಟೆಯೇ ಬೇಕು, ಅದೂ ಉಟ್ಟು ಒಗೆದು ಮೆತ್ತಗಾದದ್ದು. ಸಿಂಥೆಟಿಕ್ ಬೆವರು ಹೀರುವುದಿಲ್ಲ. ರೇಷ್ಮೆಯನ್ನೂ ಬದಿಗಿಟ್ಟೆವು. ಉಳಿದದ್ದನ್ನು ಒಗೆದು, ಗಂಜಿ ಬಿಡಿಸಿ, ಬಿಸಿಲಿಗೆ ಹಾಕಿದೆವು. ಆಮೇಲೆ ಹರಿಯುವ ಕೆಲಸ. ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಎಳೆದರೆ ಬಟ್ಟೆ ನೇರವಾಗಿ ಹರಿಯುತ್ತದೆ. ಆ ಚರ್ರ್ ಅನ್ನುವ ಸದ್ದಿಗೆ ಅಷ್ಟು ದಿನ ಬಾರದಿದ್ದ ಅಳು ಬಂತು. ದೊಡ್ಡವ್ವ ಸಮಾಧಾನ ಮಾಡಲಿಲ್ಲ. ಸುಮ್ನೆ ಇನ್ನೊಂದು ಸೀರೆ ಮುಂದಕ್ಕೆ ತಳ್ಳಿದಳು.

ಅದು ಮದುವೆಯಾದ ಮೊದಲ ದೀಪಾವಳಿಯ ಸೀರೆ. “ಇದು ಬ್ಯಾಡ, ನೋಡಾಕ ಆಗೂದಿಲ್ಲ” ಅಂದೆ.

“ಮ್ಯಾಲ ಹಾಕಬ್ಯಾಡ. ಒಳಪದರಕ್ಕ ಹಾಕು. ಕಣ್ಣಿಗೆ ಕಾಣೂದಿಲ್ಲ, ಬೆಚ್ಚಗಂತೂ ಇರ್ತದ.”

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮಾತು. ನೋವನ್ನು ಎಲ್ಲರಿಗೂ ಕಾಣುವ ಹಾಗೆ ಹೊಲಿದು ತೋರಿಸಿದರೆ ಮನಸ್ಸು ಹಗುರಾಗುತ್ತದೆ ಅನ್ನುವವರು ಜಾಸ್ತಿ. ನನಗೆ ಹಾಗಾಗಲಿಲ್ಲ. ಕೌದಿಗೆ ದಪ್ಪ ಬರುವುದೇ ಕಾಣದ ಪದರದಿಂದ ಅಲ್ವಾ? ಯಾವುದು ಒಳಗೆ, ಯಾವುದು ಮೇಲೆ ಅಂತ ನಾನೇ ಕೂತು ತೀರ್ಮಾನ ಮಾಡಿದೆ. ಅವ್ವನ ಹಳೇ ಇಳಕಲ್ ಸೀರೆಯ ಕೆಂಪು ಸೆರಗು, ಅದರ ಬಿಳಿ ಟೋಪತೆನಿ ಅನ್ನುವ ಮೊನಚು ವಿನ್ಯಾಸದ ಸಮೇತ, ಮೇಲೆ ನಟ್ಟನಡುವೆ ಬಂತು.

ಪದರಗಳನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ಮೂಲೆಗಳಿಗೆ ಕಲ್ಲು ಹೇರಿ, ಉದ್ದುದ್ದ ಹೊಲಿಗೆ ಹಾಕಿ ಹಿಡಿಸಿದೆವು. ನಿಜವಾದ ಹೊಲಿಗೆ ಅಂಚಿನಿಂದ ಶುರು. ಸುತ್ತ ಒಂದು ಸಾಲು, ಬೆರಳಗಲ ಬಿಟ್ಟು ಒಳಗೆ ಇನ್ನೊಂದು, ಹೀಗೆ ಸುತ್ತುತ್ತ ನಡುವಿಗೆ ಬರಬೇಕು. ದಪ್ಪ ಸೂಜಿ, ಎರಡೆಳೆ ದಾರ. ಎಡಗೈ ಕೌದಿಯ ಕೆಳಗಿರುತ್ತದೆ. ಸೂಜಿಯ ಮೊನೆ ಆ ಬೆರಳಿಗೆ ತಾಗಿದರೇ ಎಲ್ಲ ಪದರ ಹಿಡಿದಿದೆ ಎಂದರ್ಥ. ಮೂರ್ನಾಲ್ಕು ಹೊಲಿಗೆ ಸೂಜಿಗೆ ಏರಿಸಿಕೊಂಡು ದಾರ ಎಳೆಯಬೇಕು. ಜಾಸ್ತಿ ಬಿಗಿದರೆ ಬಟ್ಟೆ ಮುದುಡುತ್ತದೆ. ಬೆರಳ ತುದಿಯ ಮೇಲೆ ಇಷ್ಟು ಗಮನ ಇಟ್ಟಾಗ ತಲೆಯೊಳಗಿನ ಕೋರ್ಟು, ವಕೀಲರು, ಹಳೇ ಜಗಳ ಎಲ್ಲ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ಳುತ್ತಿದ್ದವು. ರಾತ್ರಿ ಊಟ ಆದಮೇಲೆ ನಾಲ್ಕು ಸಾಲು ಹೊಲಿದರೆ ನಿದ್ದೆ ಬರತೊಡಗಿತು. ಇದೇ ಔಷಧಿ ಅಂತ ನಾನು ಹೇಳುವುದಿಲ್ಲ. ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಮಾತ್ರೆಯೂ ನಡೆದಿತ್ತು. ಎರಡೂ ಬೇಕಿದ್ದವು.

ಮೂಲೆಗಳಿಗೆ ಮಾಡಿದ್ದು ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ ಕಲಿತ ಕೆಲಸ. ತ್ರಿಕೋನವಾಗಿ ಮಡಚಿದ ಬಣ್ಣಬಣ್ಣದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಅವರು ನಾಲ್ಕೂ ಮೂಲೆಗೆ ಹೂವು ಕೂರಿಸುತ್ತಾರೆ. ಫುಲಾ ಅನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ದೀಪಾವಳಿ ಸೀರೆಯ ಒಂದು ಚೂರು ಉಳಿದಿತ್ತು. ಹಸಿರು ಚೆನ್ನಾಗಿತ್ತು. ಅಷ್ಟೊತ್ತಿಗೆ ಅದನ್ನು ನೋಡಲು ಕಷ್ಟವಾಗುತ್ತಿರಲಿಲ್ಲ, ಒಂದು ಫುಲಾಗೆ ಹಾಕಿಬಿಟ್ಟೆ.

ಈಗ ಪಕ್ಕದ ಮನೆಯ ಬಾಣಂತಿ ಕೂಸಿಗೊಂದು ಸಣ್ಣ ಕೌದಿ ಹೇಳಿದ್ದಾಳೆ. ಬಟ್ಟೆ ಅವಳದೇ, ಅವಳ ಅಜ್ಜಿಯ ಸೀರೆಗಳು. ಎಷ್ಟು ಕೊಡಬೇಕು ಅಂತ ಕೇಳಿದಳು. ರೇಟು ಹೇಳಿದೆ, ಮುಂಗಡವನ್ನೂ ತಗೊಂಡೆ.