ಕರುಳಿನ ಗಾಯ ಮತ್ತು ಒಂದು ಖಾಲಿ ಡಿಶ್: ನನ್ನ ಅನುಭವ

ಕರುಳಿನ ಗಾಯ ಹೇಗೆ ಮಾಯುತ್ತದೆ ಅಂತ ನೋಡುವುದು ಮಣಿಪಾಲದ ಲ್ಯಾಬ್‌ನಲ್ಲಿ ನನ್ನ ಕೆಲಸ. ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಗಾಯವಾದರೆ ಅಂಚಿನ ಕೋಶಗಳು ಚಪ್ಪಟೆಯಾಗಿ, ಸರಿದು ಬಂದು ಮುಚ್ಚುತ್ತವೆ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಇದಕ್ಕೆ ಎಷ್ಟು ನೆರವಾಗುತ್ತವೆ? ಅದು ನನ್ನ ಪ್ರಶ್ನೆ.

ಕಾಕೋ-2 ಎಂಬ ಕರುಳಿನ ಕೋಶಗಳನ್ನು ಡಿಶ್ ತುಂಬ ಬೆಳೆಸಿದೆ. ಪಿಪೆಟ್ ತುದಿಯಿಂದ ನೇರ ಒಂದು ಗೀರು ಎಳೆದೆ. ಕೋಶಗಳು ಬೆಳೆಯಲು ಹಾಕುವ ಸೀರಮ್ ಅನ್ನು 1%ಗೆ ಇಳಿಸಿದೆ. ಜಾಸ್ತಿ ಇದ್ದರೆ ಕೋಶಗಳು ಸರಿದು ಮುಚ್ಚಿದವೋ, ಸುಮ್ನೆ ಸಂಖ್ಯೆ ಹೆಚ್ಚಿ ಮುಚ್ಚಿದವೋ ಗೊತ್ತಾಗುವುದಿಲ್ಲ. ಹೊರಗೆ ಜುಲೈನ ಜಡಿಮಳೆ. ಇನ್‌ಕ್ಯುಬೇಟರ್‌ಗೆ ಬೂಸ್ಟು ಬಾರದಿರಲಿ ಅಂತ ದಿನಾ ನೀರಿನ ತಟ್ಟೆ ತೊಳೆಯುತ್ತಿದ್ದೆ.

ಟಿಎಚ್‌ಪಿ-1 ಎಂಬ ರಕ್ತದ ಕೋಶಗಳಿಗೆ ಪಿಎಂಎ ಎಂಬ ರಾಸಾಯನಿಕ ಕೊಟ್ಟರೆ ಅವು ತಳಕ್ಕೆ ಅಂಟಿ ಮ್ಯಾಕ್ರೋಫೇಜ್ ತರಹ ಆಗುತ್ತವೆ. ಅವುಗಳ ಮೇಲಿನ ದ್ರವ ತೆಗೆದು ಗೀರಿಗೆ ಹಾಕಿದೆ. 24 ಗಂಟೆಯಲ್ಲಿ ಗೀರು ಹೆಚ್ಚುಕಡಿಮೆ ಮುಚ್ಚಿತು! ಆ ರಾತ್ರಿ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಮರುದಿನ ಜೂನಿಯರ್ ಹುಡುಗಿ ಕೇಳಿದಳು, "ಅಕ್ಕ, ಕೋಶ ಇಲ್ಲದ ಖಾಲಿ ಡಿಶ್‌ನ ದ್ರವ ಹಾಕಿ ನೋಡಿದ್ರಾ?"

ನೋಡಿರಲಿಲ್ಲ. ಬರೀ ಪಿಎಂಎ ಇದ್ದ ದ್ರವ ಹಾಕಿದೆವು. ಗೀರು ಅಷ್ಟೇ ಬೇಗ ಮುಚ್ಚಿತು. ಪಿಎಂಎ ಜಾಪಾಳದ ಬೀಜದ ಎಣ್ಣೆಯಲ್ಲಿರುವ ವಸ್ತು. ಕೋಶಗಳನ್ನು ತಾನೇ ಓಡಾಡಿಸುವ ಶಕ್ತಿ ಅದಕ್ಕಿದೆ. ಎರಡು ತಿಂಗಳ ಚಿತ್ರಗಳನ್ನು ಬದಿಗಿಟ್ಟೆ. ತುಂಬಾ ಸಂಕಟವಾಯಿತು.

ಮತ್ತೆ ಶುರು. ಪಿಎಂಎ ಕೊಟ್ಟ ಮೇಲೆ ಚೆನ್ನಾಗಿ ತೊಳೆದು, 24 ಗಂಟೆ ಬರೀ ಪೋಷಕ ದ್ರವದಲ್ಲಿ ಬಿಟ್ಟೆ. ಆಮೇಲೆ ಅರ್ಧಕ್ಕೆ ಬ್ಯಾಕ್ಟೀರಿಯಾದ ಹೊರಪದರದ ವಸ್ತುವಾದ ಎಲ್‌ಪಿಎಸ್ ಕೊಟ್ಟೆ. ಅದು ಅವನ್ನು ಕೆರಳಿಸುತ್ತದೆ. ಉಳಿದ ಅರ್ಧಕ್ಕೆ ಐಎಲ್-4 ಎಂಬ ಸಂದೇಶ ಪ್ರೋಟೀನ್, ಅದು ರಿಪೇರಿ ಕಡೆ ತಿರುಗಿಸುತ್ತದೆ. ಕೆರಳಿದವುಗಳ ದ್ರವದಲ್ಲಿ ಗೀರಿನ ಅಂಚು ಹರಕಾಯಿತು. ಇನ್ನೊಂದರಲ್ಲಿ ಅಂಚು ನಿಧಾನವಾಗಿ ಮುಂದೆ ಬಂತು. ಮೊದಲ ಸಲದಷ್ಟಲ್ಲ, ಆದರೆ ಈ ಸಲ ನಿಜ.

"ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ" ಅಂತ ಎಲ್ಲ ಕಡೆ ಹೇಳುತ್ತಾರೆ ಅಲ್ವಾ? ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇರುವವರ ಕರುಳಿನಲ್ಲಿ ಕೆರಳಿದ ಕೋಶಗಳು ತಣ್ಣಗಾಗದೇ ಇರುವುದೇ ತೊಂದರೆ. ಆದರೆ ಗಾಯದ ಮೊದಲ ಗಂಟೆಗಳಲ್ಲಿ ಒಳನುಗ್ಗಿದ ಬ್ಯಾಕ್ಟೀರಿಯಾ ನುಂಗಲು ಆ ಕೆರಳಿಕೆಯೂ ಬೇಕು.

ಹಾಗಾಗಿ ಈಗ ಮೊದಲ ದಿನ ಕೆರಳಿದವುಗಳ ದ್ರವ, ಮರುದಿನ ರಿಪೇರಿ ಕೋಶಗಳ ದ್ರವ ಹಾಕಿ ನೋಡುತ್ತಿದ್ದೇನೆ. ಪಕ್ಕದಲ್ಲಿ ಎರಡಕ್ಕೂ ಖಾಲಿ ಡಿಶ್‌ನ ದ್ರವ ಇದೆ.