ಬಟ್ಟೆ ರಾಶಿ ರವಿವಾರಕ್ಕೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಬಟ್ಟೆ ಒಗೆಯಲು ವೇಳಾಪಟ್ಟಿ ಹಾಕಿಕೊಡುವವರು ಸೋಮವಾರ ಬಿಳಿ ಬಟ್ಟೆ, ಬುಧವಾರ ಬಣ್ಣದ್ದು, ಶುಕ್ರವಾರ ಹಾಸಿಗೆ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಕಲಬುರಗಿಯಲ್ಲಿ ಅದನ್ನು ಗೋಡೆಗೆ ಅಂಟಿಸಿಕೊಂಡು ಸುಮ್ನೆ ನೋಡಬಹುದು, ಅಷ್ಟೇ. ಭೀಮಾ ಮತ್ತು ಬೆಣ್ಣೆತೊರೆಯ ನೀರು ಊರಿಗೆ ಬರುತ್ತದೆ, ನಿಜ. ಆದರೆ ಎಷ್ಟೋ ಬಡಾವಣೆಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದರೂ ನಸುಕಿನಲ್ಲೋ ರಾತ್ರಿಯಲ್ಲೋ ಬಂದು ಹೋಗುತ್ತದೆ. ಉಳಿದ ದಿನ ಬೋರಿನ ನೀರು, ಇಲ್ಲವೇ ಟ್ಯಾಂಕರ್. ಹಾಗಾಗಿ ಬಟ್ಟೆಯ ವೇಳಾಪಟ್ಟಿಯನ್ನು ವಾರ ನೋಡಿ ಹಾಕಿದರೆ ಹದಿನೈದು ದಿನಕ್ಕೇ ಕೆಡುತ್ತದೆ. ನಳ ನೋಡಿ ಹಾಕಬೇಕು.

ಇನ್ನು ರವಿವಾರದ ಕಥೆ. ವಾರವಿಡೀ ಕೂಡಿಟ್ಟು ರಜೆಯ ದಿನ ಒಗೆಯುವ ರೂಢಿ ಬಹಳ ಮನೆಗಳಲ್ಲಿದೆ. ಒಮ್ಮೆ ತೂಕದ ಲೆಕ್ಕ ಹಾಕಿ ನೋಡಿ. ಒಂದು ಅಂಗಿ ಸುಮಾರು 200-250 ಗ್ರಾಂ, ಪ್ಯಾಂಟು 400-500 ಗ್ರಾಂ. ಒಳಉಡುಪು, ಮನೆಯಲ್ಲಿ ಹಾಕುವ ನೈಟಿ, ಲುಂಗಿ ಸೇರಿದರೆ ಒಬ್ಬರಿಗೆ ದಿನಕ್ಕೆ ಹತ್ತಿರ ಹತ್ತಿರ 1 ಕಿಲೋ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ 25 ಕಿಲೋ ದಾಟುತ್ತದೆ, ಅದೂ ಚಾದರ, ಟವೆಲ್ ಬಿಟ್ಟು. 7 ಕಿಲೋ ಮಷಿನ್ ಇದೆಯೆಂದು 7 ಕಿಲೋ ತುರುಕುವಂತಿಲ್ಲ. ಬಟ್ಟೆ ಹೊರಳಾಡಲು ಜಾಗ ಬೇಕು, ಡ್ರಮ್ ಮುಕ್ಕಾಲು ತುಂಬಿದರೆ ಸಾಕು. ಅಂದರೆ ಒಂದೇ ದಿನ ಐದಾರು ಸಲ ಮಷಿನ್ ಓಡಿಸಬೇಕು. ಅಷ್ಟು ನೀರು ಎಲ್ಲಿಂದ ತರುವುದು? ಅಷ್ಟು ಹಗ್ಗ ಯಾರ ಮಾಳಿಗೆ ಮೇಲಿದೆ?

ಮೊದಲು ನೀರಿನ ಲೆಕ್ಕ

ಎರಡು ವಾರ ನಳ ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ಅಂದಾಜು ಸಿಗುತ್ತದೆ. ಆ ದಿನಗಳೇ ನಿಮ್ಮ ದೊಡ್ಡ ಒಗೆತದ ದಿನಗಳು. ನಡುವಿನ ದಿನಗಳಲ್ಲಿ ಒಂದು ಚಿಕ್ಕ ಒಗೆತ ಇರಲಿ.

ಬೋರಿನ ನೀರು ಇದ್ದವರು ಅದು ಎಷ್ಟು ಗಡಸು ಎಂದು ನೋಡಿಕೊಳ್ಳಬೇಕು. ಇದಕ್ಕೆ ಲ್ಯಾಬ್ ಬೇಡ. ಖಾಲಿ ಬಾಟಲಿಯಲ್ಲಿ ಅರ್ಧ ನೀರು ಹಾಕಿ, ಮೈಸೋಪನ್ನು ತುರಿದು ಒಂದು ಚಿಟಿಕೆ ಉದುರಿಸಿ, ಮುಚ್ಚಳ ಹಾಕಿ ಜೋರಾಗಿ ಅಲುಗಾಡಿಸಿ. ಮೇಲೆ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ನೀರು ಮೆದು. ನೊರೆ ಬಾರದೆ ನೀರು ಹಾಲು ಒಡೆದಂತೆ ಬೆಳ್ಳಗಾದರೆ ಗಡಸು. ನಮ್ಮಲ್ಲಿ ಎರಡನೆಯದೇ ಜಾಸ್ತಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದೇ ಕಲ್ಲಿಗಾಗಿ. ಆ ಕಲ್ಲಿನ ಸಂದಿಯಲ್ಲಿ ಇಳಿದ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ತರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬಟ್ಟೆಗೆ ಇಂಥ ಮಾನಕ ಯಾರೂ ಕೇಳುವುದಿಲ್ಲ, ಆದರೆ ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗುವುದು, ಟವೆಲ್ ಹಪ್ಪಳದಂತೆ ಗರಿಗರಿಯಾಗುವುದು ಇದರಿಂದಲೇ. ಬಿಳಿ ಬಟ್ಟೆ, ಮಕ್ಕಳ ಬಟ್ಟೆ ನಳದ ನೀರಿಗೆ. ಜೀನ್ಸ್, ಗಾಢ ಬಣ್ಣದ್ದು, ಕಾಲೊರಸು ಬೋರಿನ ನೀರಿಗೆ. ಈ ಹಂಚಿಕೆ ಒಂದೇ ಮಾಡಿದರೂ ಅರ್ಧ ತಕರಾರು ಮುಗಿಯುತ್ತದೆ.

ಎರಡು ಬುಟ್ಟಿ, ಒಂದು ಬಕೀಟು, ಒಂದು ಮೊಳೆ

ವಿಂಗಡಿಸುವ ಕೆಲಸ ಒಗೆಯುವ ದಿನಕ್ಕೆ ಉಳಿಯಬಾರದು. ಬಚ್ಚಲ ಮನೆಯ ಹತ್ತಿರ ಎರಡು ಬುಟ್ಟಿ ಇಡಿ, ಒಂದು ತಿಳಿ ಬಣ್ಣಕ್ಕೆ, ಒಂದು ಗಾಢ ಬಣ್ಣಕ್ಕೆ. ಗಾಳಿಯಾಡುವ ಬುಟ್ಟಿಯೇ ಆಗಲಿ. ಮುಚ್ಚಿದ ಡಬ್ಬದಲ್ಲಿ ಬೆವರಿನ ಬಟ್ಟೆ ಎರಡು ದಿನ ಇದ್ದರೆ ವಾಸನೆ ಕೂತುಬಿಡುತ್ತದೆ. ಕಲೆಯಾದದ್ದಕ್ಕೆ ಚಿಕ್ಕ ಬಕೀಟು. ಒಮ್ಮೆ ಹಾಕಿ ಬಿಟ್ಟ, ಇನ್ನೊಮ್ಮೆ ಹಾಕಬಹುದಾದ ಬಟ್ಟೆಗೆ ಗೋಡೆಯಲ್ಲಿ ಒಂದು ಮೊಳೆ. ಈ ಮೊಳೆ ಇಲ್ಲದ ಮನೆಯಲ್ಲಿ ಅಂಥ ಬಟ್ಟೆಗಳು ಕುರ್ಚಿಯ ಬೆನ್ನಿಗೆ ಹೋಗುತ್ತವೆ, ಅಲ್ಲಿಂದ ಕೊಳೆ ಬುಟ್ಟಿಗೆ. ಮದುವೆಗೆ ಎರಡು ತಾಸು ಉಟ್ಟ ಸೀರೆಯನ್ನು ನೆರಳಲ್ಲಿ ಗಾಳಿಗೆ ಹರವಿದರೆ ಸಾಕು, ಒಗೆಯಬೇಕಿಲ್ಲ.

ಒಳಉಡುಪು, ಸಾಕ್ಸ್, ಕರ್ಚೀಫುಗಳನ್ನು ಅವರವರು ಸ್ನಾನದ ಹೊತ್ತಿಗೇ ಹಿಂಡಿ ಹಾಕುವ ಹಳೆಯ ಪದ್ಧತಿ ಬಿಡಬೇಡಿ. ಗಂಡಸರಿಗೂ ಇದು ಅನ್ವಯ. ಐದು ನಿಮಿಷದ ಕೆಲಸ, ಆದರೆ ಮಷಿನ್ನಿನ ಒಂದು ಸುತ್ತು ಉಳಿಯುತ್ತದೆ. ಏಪ್ರಿಲ್, ಮೇನಲ್ಲಿ ಬೆವರಿನ ಅಂಗಿಗಳನ್ನೂ ಸಂಜೆ ಬರಿ ನೀರಿನಲ್ಲಿ ಜಾಲಾಡಿಸಿ ಹಾಕಿ. ಬೆಳಗಾಗುವುದರೊಳಗೆ ಒಣಗಿರುತ್ತದೆ, ಉಪ್ಪಿನ ಗೆರೆ ಉಳಿಯುವುದಿಲ್ಲ.

ನಳ ಬಂದ ದಿನ

ಹಿಂದಿನ ರಾತ್ರಿಯೇ ಕಿಸೆ ತಪಾಸಣೆ ಮಾಡಿ. ಬಸ್ ಟಿಕೆಟ್, ಅಡಿಕೆ ಚೀಟಿ, ಹತ್ತರ ನೋಟು ಇದ್ದೇ ಇರುತ್ತವೆ. ಜಿಪ್ ಮುಚ್ಚಿ, ಜೀನ್ಸ್ ಮತ್ತು ಬಣ್ಣದ ಅಂಗಿ ಒಳಗೆ-ಹೊರಗೆ ಮಾಡಿ ಇಡಿ. ಕಾಲರ್, ತೋಳಿನ ತುದಿಗೆ ಸೋಪು ಸವರಿ.

ನಳ ಬಂದಾಗ ಮೊದಲ ಎರಡು ಬಕೀಟು ನೀರು ಕೆಂಪಗೋ ಮಣ್ಣಾಗಿಯೋ ಇರಬಹುದು. ಅದನ್ನು ಅಂಗಳಕ್ಕೆ ಇಟ್ಟುಕೊಂಡು, ತಿಳಿ ನೀರು ಬಂದ ಮೇಲೆ ಮಷಿನ್ನಿಗೆ ಬಿಡಿ. ನೀರು ಒಳಗೆ ಹೋಗುವ ಪೈಪಿನ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ನಳ ಬಂದ್ ಮಾಡಿ, ಪೈಪು ತಿರುಗಿಸಿ ಬಿಚ್ಚಿ, ಹಳೆಯ ಟೂತ್‌ಬ್ರಶ್‌ನಿಂದ ತಿಂಗಳಿಗೊಮ್ಮೆ ತಿಕ್ಕಿ. ಮಷಿನ್ ನೀರೇ ಎಳೆಯುತ್ತಿಲ್ಲ ಎಂದು ಮೆಕ್ಯಾನಿಕ್ ಕರೆಸುವ ಎಷ್ಟೋ ಮನೆಗಳಲ್ಲಿ ತೊಂದರೆ ಇಷ್ಟೇ.

ನೀರು ಕಡಿಮೆ ಇರುವ ಊರಿಗೆ ಸೆಮಿ ಆಟೊಮ್ಯಾಟಿಕ್ ಮಷಿನ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಆಟೊಮ್ಯಾಟಿಕ್ ಮಷಿನ್ ಪ್ರತಿ ಸಲ ನೀರನ್ನು ತಾನೇ ಚೆಲ್ಲಿಬಿಡುತ್ತದೆ. ಸೆಮಿಯಲ್ಲಿ ಒಂದೇ ಸೋಪಿನ ನೀರಿಗೆ ಮೊದಲು ಬಿಳಿ ಯೂನಿಫಾರಂ, ಬನಿಯನ್. ಆಮೇಲೆ ತಿಳಿ ಬಣ್ಣ. ಆಮೇಲೆ ಗಾಢ ಬಣ್ಣ. ಕೊನೆಗೆ ಕಾಲೊರಸು, ಅಡುಗೆ ಮನೆಯ ಅರಿವೆ. ಜಾಲಾಡಿಸಿದ ನೀರನ್ನು ಹಿಡಿದಿಟ್ಟರೆ ಅಂಗಳಕ್ಕೆ, ಸಂಡಾಸಿಗೆ ಆಗುತ್ತದೆ. ಸೋಪು, ಸೋಡಾದ ನೀರನ್ನು ಗಿಡಕ್ಕೆ ಹಾಕಬೇಡಿ. ಅದರಲ್ಲಿನ ಸೋಡಿಯಂನಿಂದ ನಮ್ಮ ಎರೆ ಮಣ್ಣು ಇನ್ನಷ್ಟು ಅಂಟಾಗಿ, ಒಣಗಿದಾಗ ಕಲ್ಲಾಗುತ್ತದೆ.

ಪುಡಿ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಸ್ವಚ್ಛವಾಗುವುದಿಲ್ಲ. ಜಾಲಾಡಿಸಲು ಎರಡು ಸಲ ಹೆಚ್ಚು ನೀರು ಬೇಕಾಗುತ್ತದೆ, ಅಷ್ಟೇ. ಗಡಸು ನೀರಿಗೆ ಪುಡಿ ಸುರಿಯುವ ಬದಲು ಬಕೀಟಿಗೆ ಒಂದು ಚಮಚ ಬಟ್ಟೆ ಸೋಡಾ ಮೊದಲೇ ಕರಗಿಸಿ. ಸೋಡಾ ಸುಣ್ಣದ ಅಂಶವನ್ನು ಹಿಡಿದು ಕೆಳಗೆ ಕೂರಿಸುತ್ತದೆ, ಸೋಪು ತನ್ನ ಕೆಲಸ ಮಾಡುತ್ತದೆ. ರೇಷ್ಮೆಗೆ, ಉಣ್ಣೆಗೆ ಸೋಡಾ ಬೇಡ. ಬರಿಗೈಯಲ್ಲಿ ಕದಡಲೂಬೇಡಿ.

ಮಷಿನ್ನಿನೊಳಗೆ ಕೂತ ಸುಣ್ಣಕ್ಕೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಎರಡು ಮೂರು ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಹಾಕಿ, ಬಟ್ಟೆ ಇಲ್ಲದೆ ಬಿಸಿ ನೀರಿನಲ್ಲಿ ಒಂದು ಸುತ್ತು ಓಡಿಸಿ. ಒಂದು ಎಚ್ಚರಿಕೆ: ಆ ನೀರು ಶಹಾಬಾದ್ ಫರಸಿಯ ಮೇಲೆ ಹರಿಯದೆ ನೇರ ಮೋರಿಗೆ ಹೋಗಲಿ. ಫರಸಿಯೂ ಸುಣ್ಣದ ಕಲ್ಲೇ, ಹುಳಿ ಬಿದ್ದಲ್ಲಿ ಹೊಳಪು ಹೋಗಿ ಬಿಳಿ ಮಚ್ಚೆ ಏಳುತ್ತದೆ. ಬ್ಲೀಚ್ ಮತ್ತು ಸಂಡಾಸು ತೊಳೆಯುವ ಆ್ಯಸಿಡ್ ಎಂದೂ ಒಂದೇ ಕಡೆ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ.

ಕಲೆಗಳು

ಹೊಲಕ್ಕೆ ಹೋಗಿ ಬಂದವರ ಪ್ಯಾಂಟಿಗೆ ಮೆತ್ತಿದ ಎರೆ ಮಣ್ಣನ್ನು ಹಸಿ ಇದ್ದಾಗ ನೀರಿಗೆ ಹಾಕಬೇಡಿ. ಸಣ್ಣ ಕಣದ ಜೇಡಿ ಅದು, ಒದ್ದೆಯಾದಷ್ಟೂ ನೂಲಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗಲಿ, ಝಾಡಿಸಿ, ಬ್ರಶ್ ಹಾಕಿ ಉದುರಿಸಿ, ಆಮೇಲೆ ತಣ್ಣೀರು.

ಅರಿಶಿನದ್ದು ತಮಾಷೆ. ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಾಗುತ್ತದೆ, ಬಟ್ಟೆ ಹಾಳಾಯಿತು ಎಂದು ಗಾಬರಿಯಾಗುತ್ತದೆ. ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ಬಣ್ಣ ಬದಲಿಸುತ್ತದೆ, ಜಾಲಾಡಿಸಿದರೆ ಮತ್ತೆ ಹಳದಿ. ತಿಕ್ಕಿ ತಿಕ್ಕಿ ಸುಸ್ತಾಗುವ ಬದಲು ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ನಮ್ಮಲ್ಲಿ ಬಿಸಿಲಿಗೇನು ಬರ ಹೇಳಿ! ಎಣ್ಣೆಗಾಯಿ, ಶೇಂಗಾ ಹಿಂಡಿಯ ಎಣ್ಣೆ ಕಲೆಗೆ ಜೋಳದ ಹಿಟ್ಟೋ ಮುಖಕ್ಕೆ ಹಚ್ಚುವ ಪೌಡರೋ ಉದುರಿಸಿ ಕಾಲು ತಾಸು ಬಿಟ್ಟು ಝಾಡಿಸಿ. ಆಮೇಲೆ ಪಾತ್ರೆ ತೊಳೆಯುವ ದ್ರವ ಸವರಿ ಒಗೆಯಿರಿ.

ರಕ್ತ, ಹಾಲು, ಮೊಟ್ಟೆಗೆ ತಣ್ಣೀರೇ ಬೇಕು, ಬಿಸಿ ತಾಗಿದರೆ ಕಲೆ ಗಟ್ಟಿಯಾಗುತ್ತದೆ. ಇದು ಮೇ ತಿಂಗಳಲ್ಲಿ ಮರೆತುಹೋಗುವ ಮಾತು. ಮಧ್ಯಾಹ್ನ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಆ ನೀರು ಚಾದರ, ಟವೆಲ್, ಜಿಡ್ಡಿನ ಅರಿವೆಗೆ ಬಹಳ ಒಳ್ಳೆಯದು, ಪುಕ್ಕಟೆ ಬಿಸಿನೀರು. ರಕ್ತದ ಕಲೆಗೆ ಮಾತ್ರ ನೆಲದ ಸಂಪಿನಿಂದ ತಣ್ಣೀರು ಸೇದಿಕೊಳ್ಳಿ. ಪಾನ್ ಕಲೆಯ ಬಗ್ಗೆ ಏನೂ ಹೇಳುವುದಿಲ್ಲ. ಉಗುಳುವವರೇ ಒಗೆಯಲಿ.

ಒಣಗಿಸುವುದು, ಮಡಚುವುದು

42 ಡಿಗ್ರಿ ಬಿಸಿಲಿನಲ್ಲಿ ಹತ್ತಿ ಅಂಗಿ ನೋಡನೋಡುತ್ತ ಒಣಗುತ್ತದೆ. ಅಲ್ಲೇ ಸಂಜೆತನಕ ಬಿಟ್ಟರೆ ಬಣ್ಣ ಹೋಗುತ್ತದೆ, ಇಲಾಸ್ಟಿಕ್ ಸಡಿಲಾಗುತ್ತದೆ, ಮೇಲೆ ದೂಳು ಬೇರೆ. ಬೇಸಿಗೆಯಲ್ಲಿ ಸಂಜೆ ಒಗೆದು ರಾತ್ರಿ ಮಾಳಿಗೆ ಮೇಲೆ ಹಾಕುವುದು ಜಾಣತನ, ಗಾಳಿಯೇ ಒಣಗಿಸುತ್ತದೆ. ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುವುದುಂಟು. ಅಂಥ ನೌಕರರ ಮನೆಗಳಿಗೆ ಸಂಜೆಯ ಒಗೆತ ಇನ್ನೂ ಸುಲಭ.

ಮಳೆಗಾಲದಲ್ಲಿ ಲೆಕ್ಕ ತಿರುಗುಮುರುಗು. ಒಂದು ಹಗ್ಗಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟೇ ಒಗೆಯಿರಿ. ಎರಡು ಸಲ ಸ್ಪಿನ್ ಮಾಡಿ, ಬಟ್ಟೆಗಳ ನಡುವೆ ಅಂತರ ಬಿಟ್ಟು, ಫ್ಯಾನಿನ ಕೆಳಗೆ ಹಾಕಿ. ಬಹಳ ಹೊತ್ತು ಒದ್ದೆ ಇದ್ದರೆ ಬ್ಯಾಕ್ಟೀರಿಯಾ ಬೆಳೆದು ಮುಗ್ಗು ವಾಸನೆ ಬರುತ್ತದೆ. ಅದರ ಮೇಲೆ ಸೆಂಟು ಹೊಡೆದು ಪ್ರಯೋಜನವಿಲ್ಲ. ಹತ್ತಿಯ ಬಟ್ಟೆಯಾದರೆ ಬಿಸಿನೀರು, ಸೋಡಾದಲ್ಲಿ ಅರ್ಧ ತಾಸು ನೆನೆಸಿ ಮತ್ತೆ ಒಗೆಯಬೇಕು.

ಬಹಳ ಮನೆಗಳಲ್ಲಿ ಪದ್ಧತಿ ತಪ್ಪುವುದು ಇದರ ನಂತರ. ಒಣಗಿದ ಬಟ್ಟೆಯೆಲ್ಲ ಪಲ್ಲಂಗದ ಮೇಲೆ ಗುಡ್ಡೆಯಾಗುತ್ತದೆ, ರಾತ್ರಿ ಕುರ್ಚಿಗೆ, ಬೆಳಿಗ್ಗೆ ಮತ್ತೆ ಪಲ್ಲಂಗಕ್ಕೆ. ಹಗ್ಗದಿಂದ ತೆಗೆಯುವಾಗಲೇ ಮಡಚಿ, ಒಬ್ಬೊಬ್ಬರದು ಒಂದೊಂದು ಗುಂಪು ಮಾಡಿ. ಅವರವರ ಗುಂಪು ಅವರವರು ಕಪಾಟಿಗೆ ಒಯ್ಯಲಿ. ಎರಡನೇ ತರಗತಿಯ ಮಗುವಿಗೂ ಸಾಕ್ಸ್ ಜೋಡಿ ಹುಡುಕುವುದು ಬರುತ್ತದೆ. ಒಗೆಯುವವರೇ ಒಣಹಾಕಿ, ತೆಗೆದು, ಮಡಚಿ, ಜೋಡಿಸಬೇಕು ಎಂದಾದರೆ ಯಾವ ವೇಳಾಪಟ್ಟಿಯೂ ತಿಂಗಳು ದಾಟುವುದಿಲ್ಲ.

ಇಸ್ತ್ರಿ ಎಲ್ಲದಕ್ಕೂ ಬೇಡ. ಅಂಗಿಯನ್ನು ಒದ್ದೆ ಇದ್ದಾಗಲೇ ಝಾಡಿಸಿ ಹ್ಯಾಂಗರಿಗೆ ಹಾಕಿದರೆ ಅರ್ಧ ಸುಕ್ಕು ಹೋಗುತ್ತದೆ. ಕಚೇರಿ, ಶಾಲೆಯ ಬಟ್ಟೆ ಮಾತ್ರ ಇಸ್ತ್ರಿಗೆ ಇಡಿ. 1000 ವಾಟ್ ಇಸ್ತ್ರಿಪೆಟ್ಟಿಗೆ ಅರ್ಧ ತಾಸು ಪೂರ್ತಿ ಕಾದರೆ ಅರ್ಧ ಯೂನಿಟ್. ಓಣಿಯ ಇಸ್ತ್ರಿ ಅಂಗಡಿಯ ದರದ ಜೊತೆ ಹೋಲಿಸಿ ನೋಡಿ, ನಿಮ್ಮ ಸಮಯಕ್ಕೂ ಒಂದು ಬೆಲೆ ಹಿಡಿಯಿರಿ.

ಕೌದಿಗಳು ಬೇರೆಯೇ ಪ್ರಕರಣ. ಹಳೆ ಸೀರೆಗಳ ಪದರ ಪದರ ಹೊಲಿದ ಕೌದಿ ಒದ್ದೆಯಾದರೆ ಇಬ್ಬರು ಹಿಡಿದು ಹಿಂಡಬೇಕು. ಮಷಿನ್ನಿಗೆ ತುರುಕಿದರೆ ಮೋಟರು ಹೋಗುತ್ತದೆ. ತೊಟ್ಟಿಯಲ್ಲಿ ನೆನೆಸಿ, ಕಾಲಿನಿಂದ ತುಳಿದು, ಕಲ್ಲಿನ ಮೇಲೆ ನೀರು ಬಸಿಯಲು ಬಿಟ್ಟು, ಗೋಡೆಗೋ ಕಟಾಂಜನಕ್ಕೋ ಹರವಿ. ದಸರಾಕ್ಕೆ ಮೊದಲು ಮನೆಯ ಹಾಸಿಗೆ-ಹೊದಿಕೆಯೆಲ್ಲ ಒಗೆಯುವ ರೂಢಿ ನಮ್ಮಲ್ಲಿದೆ. ಆದರೆ ಸೆಪ್ಟೆಂಬರಿನಲ್ಲಿ ಇಲ್ಲಿ ಮಳೆ ಜೋರು. ಆಗಸ್ಟಿನಿಂದಲೇ ಬಿಸಿಲು ಬಿದ್ದ ಒಂದೊಂದು ನಳದ ದಿನಕ್ಕೆ ಒಂದೊಂದು ಕೌದಿ ಮುಗಿಸುತ್ತ ಬನ್ನಿ. ಎಲ್ಲವನ್ನೂ ಘಟ ಕೂರುವ ವಾರಕ್ಕೆ ಇಟ್ಟುಕೊಂಡರೆ ಮಳೆಯೂ ಬರುತ್ತದೆ, ನೆಂಟರೂ ಬರುತ್ತಾರೆ, ಹೊದೆಯಲು ಒಣಗಿದ್ದು ಒಂದೂ ಇರುವುದಿಲ್ಲ.